ಅಮೃತಮತಿಯ ಒಲವು

ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಬೋಧಿಸುವಾಗ ಅಮೃತಮತಿಯನ್ನು ‘ಕುಲಟೆ’ಯೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಸುಲಭ. ಕವಿಯು ಎತ್ತಿರುವ ಪ್ರಶ್ನೆಯಾದರೋ ಆಳವಾದುದು. ಗುಣವನ್ನು ಕಂಡೇ ನಾವು ಒಲಿಯುವುದಾದರೆ, ಚೆಲುವನಾದ ಅರಸನಿರುವಾಗ ಆಕೆ ವಿಕಾರರೂಪಿಯಾದ ಮಾವುತನಿಗೆ ಒಲಿದುದೇಕೆ? ಇರುಳಿನಲ್ಲಿ ಕೇಳಿಬಂದ ಅವನ ಗಾನವೇ ಕಾರಣವೆನ್ನಬಹುದು. ಆದರೆ ಸಖಿಯು ಅವನ ಕುರೂಪವನ್ನು ಬಣ್ಣಿಸಿದ ಮೇಲೂ, ಅವನಿಂದ ಪೆಟ್ಟು ತಿಂದ ಮೇಲೂ ಆ ಒಲವು ಅಳಿಯಲಿಲ್ಲ. ಗಾನದಿಂದ ಹುಟ್ಟಿದ ಒಲವು ಗಾನವನ್ನೂ ಮೀರಿ ನಿಂತಿತು. ಹೀಗೆ ಒಲವಿಗೆ ಪೂರ್ಣವಾದ ಕಾರಣ ದೊರೆಯದಿರಬಹುದು. ಆದರೆ ಒಲಿದವರು ಮಾಡುವ ಕೃತ್ಯಕ್ಕೆ ಹೊಣೆ ತಪ್ಪದು. ಪತಿಗೂ ಅತ್ತೆಗೂ ಆಕೆ ವಿಷವಿಕ್ಕಿದುದನ್ನು ಜನ್ನನು ಮನ್ನಿಸುವುದಿಲ್ಲ. ಆದರೂ ಆ ಗಾನದ ಇಂಪನ್ನು ಮರೆಮಾಚಿಲ್ಲ. ವಿದ್ಯಾರ್ಥಿಗಳಿಗೆ ಈ ಎರಡನ್ನೂ ತೋರಿಸಿಕೊಡುವುದೇ ಕಾವ್ಯಪಾಠವೆನಿಸುವುದು.