ಬಭ್ರುವಾಹನನ ಧರ್ಮಸಂಕಟ

ಕಡೂರು ತಾಲ್ಲೂಕಿನ ದೇವನೂರಿನವನೆಂದು ಪ್ರಸಿದ್ಧನಾದ ಲಕ್ಷ್ಮೀಶನು ವಾರ್ಧಕಷಟ್ಪದಿಯಲ್ಲಿ ರಚಿಸಿದ ಜೈಮಿನಿಭಾರತವು ಅದ್ಭುತಪ್ರಧಾನವಾದ ಯುದ್ಧಕಾವ್ಯವು. ಇದರಲ್ಲಿ ಶಾಪವೂ ಮಣಿಯೂ ಕಥೆಯನ್ನು ನಡೆಯಿಸುವುದರಿಂದ ಪಾತ್ರಗಳಿಗೆ ಧರ್ಮಾಧರ್ಮಗಳ ಹೊಣೆಯಿಲ್ಲವೆಂದು ಆಕ್ಷೇಪಿಸಬಹುದು. ಬಭ್ರುವಾಹನಪ್ರಸಂಗವನ್ನು ಪರಿಶೀಲಿಸಿದರೆ ಈ ಆಕ್ಷೇಪವು ನಿಲ್ಲದು.

ವ್ಯಾಸಭಾರತದ ಆಶ್ವಮೇಧಿಕಪರ್ವದಲ್ಲಿ, ವಿನಯದಿಂದ ಎದುರ್ಗೊಂಡ ಮಗನನ್ನು ಅರ್ಜುನನು ಕ್ಷತ್ರಧರ್ಮವನ್ನು ಬಿಟ್ಟವನೆಂದು ಜರೆಯುವನು. ಉಲೂಪಿಯು ಬಂದು ಯುದ್ಧಕ್ಕೆ ಪ್ರೇರಿಸುವಳು. ಅಲ್ಲಿ ಪಿತೃವಧೆಯ ಹೊಣೆಯು ಬಹುಮಟ್ಟಿಗೆ ಪ್ರೇರಿಸಿದವಳದು. ಜೈಮಿನಿಯ ಕಥೆಯಲ್ಲಾದರೋ ತಾಯಿಯ ಮಾತಿನಂತೆ ಕುದುರೆಯನ್ನೊಪ್ಪಿಸಬಂದ ಮಗನನ್ನು ಅರ್ಜುನನು ಒದೆದು, ಅವನ ಜನ್ಮವನ್ನೇ ಹಳಿಯುವನು. ಆ ನಿಂದೆಯು ಚಿತ್ರಾಂಗದೆಗೂ ತಗಲುವುದರಿಂದ ಪಿತೃಭಕ್ತಿಯೂ ಮಾತೃಗೌರವವೂ ಒಂದಕ್ಕೊಂದು ವಿರೋಧಿಗಳಾದುವು. ತಾಯಿಯ ಮಾನಕ್ಕಾಗಿ ಕಾದಿ ಗೆದ್ದವನು ಆಕೆಯನ್ನೇ ವಿಧವೆಯನ್ನಾಗಿ ಮಾಡಿದನು!

ಗಂಗೆಯ ಶಾಪವು ಅರ್ಜುನನ ಮರಣಕ್ಕೆ ಕಾರಣವನ್ನು ಹೇಳುವುದಲ್ಲದೆ ಅವನ ದುರುಕ್ತಿಗೆ ಸಮಾಧಾನವನ್ನು ಹೇಳಲಾರದು. ನಾಗಲೋಕದ ಮಣಿಯು ಸತ್ತವನನ್ನು ಎಬ್ಬಿಸಬಲ್ಲುದು; ಆಡಿದ ಮಾತನ್ನೂ ಎಸೆದ ಬಾಣವನ್ನೂ ಇಲ್ಲವಾಗಿಸಲಾರದು. ಆದುದರಿಂದ ದೋಷವು ಮೊದಲು ತಂದೆಯಲ್ಲಿಯೂ ಅನಂತರ ಮಗನಲ್ಲಿಯೂ ನೆಲಸುವುದು. ಈ ಪ್ರಸಂಗವನ್ನು ಪಾಠಹೇಳುವವರು ಶಾಪದ ವೃತ್ತಾಂತದಲ್ಲಿಯೇ ನಿಲ್ಲದೆ, ಅರ್ಜುನನಾಡಿದ ಆ ನಿಂದೆಯಿಂದಲೇ ವಿಚಾರವನ್ನು ಮೊದಲುಮಾಡತಕ್ಕುದು.