ಹಿಟ್ಟಿನ ಕೋಳಿ ಮತ್ತು ಮಣ್ಣಿನ ಹಕ್ಕಿ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮನೆಯಿಂದ ಈಚೆಗೆ ಒಂದು ಪ್ರಶ್ನೆ ಬಂದಿತು. ನಿತ್ಯ ದೇವದರ್ಶನ, ರಾತ್ರಿಭೋಜನ ತ್ಯಾಗ, ಪರ್ವದಿನಗಳ ಏಕಾಶನ ಇವನ್ನು ಪರದೇಶದಲ್ಲಿಯೂ ಬಿಡದೆ ನಡೆಸಿಕೊಂಡು ಬಂದಿರುವ ಕುಟುಂಬವದು. ಹದಿಮೂರು ವರ್ಷದ ಮಗ ಸ್ಕೌಟ್ ದಳದ ಸದಸ್ಯ. ಬೇಸಿಗೆಯ ಶಿಬಿರದಲ್ಲಿ ಕೋವಿ ಹಿಡಿದು, ಗಾಳಿಯಲ್ಲಿ ಹಾರುವ ಬಿಲ್ಲೆಗಳನ್ನು ಹೊಡೆಯುವ ಅಭ್ಯಾಸಕ್ಕೆ ಹೆಸರು ಕೊಡಬೇಕೆಂದು ಅವನ ಆಸೆ. "ಪ್ರಾಣಿ ಯಾವುದೂ ಸಾಯುವುದಿಲ್ಲವಲ್ಲ ಅಜ್ಜಾ, ಇದರಲ್ಲಿ ತಪ್ಪೇನು?" ಎಂದು ಅವನು ದೂರವಾಣಿಯಲ್ಲಿ ನನ್ನನ್ನೇ ಕೇಳಿದನು. ತಂದೆಗೆ ಒಪ್ಪಲು ಮನಸ್ಸಿಲ್ಲ; ಒಲ್ಲೆನೆನ್ನಲು ಕಾರಣ ತೋಚದು. ನನಗೂ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಎರಡು ವಾರ ಅವಕಾಶ ಕೇಳಿದೆ. ಆ ಎರಡು ವಾರಗಳ ಚಿಂತನೆಯೇ ಈ ಲೇಖನ.

ಮೊದಲು ಆಟದ ಸ್ವರೂಪವನ್ನು ತಿಳಿಯೋಣ. ಸುಮಾರು 11 ಸೆಂಟಿಮೀಟರ್ ವ್ಯಾಸ, 105 ಗ್ರಾಂ ತೂಕವಿರುವ ಬಿಲ್ಲೆಯನ್ನು ಯಂತ್ರವೊಂದು ಆಕಾಶಕ್ಕೆ ಚಿಮ್ಮಿಸುತ್ತದೆ. ಆಟಗಾರನು ಅದು ನೆಲಕ್ಕೆ ಬೀಳುವ ಮೊದಲೇ ಶಾಟ್‌ಗನ್ನಿನಿಂದ ಹೊಡೆದು ಒಡೆಯಬೇಕು. ಹೆಸರಿಗೆ ಮಣ್ಣಿನ ಬಿಲ್ಲೆಯಾದರೂ ಇಂದು ಅದನ್ನು ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂತಹ ಅಂಟು ಬೆರೆಸಿ ಮಾಡುತ್ತಾರೆ. 'ಟ್ರ್ಯಾಪ್', 'ಸ್ಕೀಟ್' ಎಂಬ ಇದರ ಎರಡು ಪ್ರಭೇದಗಳು ಒಲಿಂಪಿಕ್ ಕ್ರೀಡೆಗಳಲ್ಲಿ ಸೇರಿವೆ. ನಮ್ಮ ದೇಶಕ್ಕೂ ಇದು ಹೊಸದಲ್ಲ. ಬಿಕಾನೇರದ ಮಹಾರಾಜ ಕರ್ಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಸ್ಪರ್ಧೆಯಲ್ಲಿ ಟ್ರ್ಯಾಪ್ ವಿಭಾಗದ ಬೆಳ್ಳಿ ಪದಕ ಗಳಿಸಿದರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದಾಗ ದೇಶವೆಲ್ಲ ಹಿಗ್ಗಿತು. ಆ ಹಿಗ್ಗಿನಲ್ಲಿ ನಮ್ಮ ಮನೆಗಳೂ ಪಾಲು ಪಡೆದವು. ಆದುದರಿಂದ 'ಇದು ನಮಗೆ ಸಂಬಂಧಿಸಿದ ವಿಷಯವಲ್ಲ' ಎಂದು ಮುಖ ತಿರುಗಿಸುವುದು ಪ್ರಾಮಾಣಿಕವಾಗದು.

ಈ ಆಟ ಹುಟ್ಟಿದ ಬಗೆಯನ್ನು ನೋಡಿದರೆ ಅದರ ಪರವಾಗಿ ಹೇಳಬಹುದಾದ ಒಂದು ದೊಡ್ಡ ಮಾತಿದೆ. 'ಟ್ರ್ಯಾಪ್' ಎಂದರೆ ಬೋನು. ಹಿಂದೆ ಜೀವಂತ ಪಾರಿವಾಳಗಳನ್ನು ಬೋನಿನಲ್ಲಿಟ್ಟು, ಮುಚ್ಚಳ ತೆರೆದು, ಹಾರಿದೊಡನೆ ಹೊಡೆದುರುಳಿಸುವುದು ಯುರೋಪು ಅಮೆರಿಕಗಳ ಸಿರಿವಂತರ ವಿನೋದವಾಗಿತ್ತು. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿಯೂ ಈ ಸ್ಪರ್ಧೆ ನಡೆಯಿತು. ಮುನ್ನೂರರಷ್ಟು ಪಾರಿವಾಳಗಳು ಅಲ್ಲಿ ಸತ್ತವೆಂದು ಬಲ್ಲವರು ಬರೆದಿದ್ದಾರೆ. ಅಷ್ಟರಲ್ಲಿ ಬದಲಿ ಗುರಿಗಳೂ ಬಳಕೆಗೆ ಬಂದಿದ್ದವು. ಮೊದಲು ಗಾಜಿನ ಚೆಂಡುಗಳು ಬಂದವು. ಬಳಿಕ 1880ರ ಸುಮಾರಿನಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಸುಟ್ಟ ಮಣ್ಣಿನ ಚಪ್ಪಟೆ ಬಿಲ್ಲೆಯನ್ನು ರೂಪಿಸಿದನು. 1921ರಲ್ಲಿ ಬ್ರಿಟನ್ ಬೋನಿನ ಹಕ್ಕಿಗಳನ್ನು ಹೊಡೆಯುವುದನ್ನು ಕಾನೂನಿನಿಂದಲೇ ನಿಷೇಧಿಸಿತು. ಹೀಗೆ ಮಣ್ಣಿನ ಬಿಲ್ಲೆಯೊಂದು ಲೆಕ್ಕವಿಲ್ಲದಷ್ಟು ಜೀವಗಳ ಸ್ಥಾನದಲ್ಲಿ ನಿಂತಿತು. ಇದನ್ನು ಜೈನನಾದವನು ಅಲ್ಪವೆಂದು ಎಣಿಸಬಾರದು.

ಸ್ಪರ್ಧೆಯನ್ನಾಗಲಿ ಪರಾಕ್ರಮವನ್ನಾಗಲಿ ನಮ್ಮ ಪರಂಪರೆ ತಿರಸ್ಕರಿಸಿಲ್ಲ. ಭರತ ಬಾಹುಬಲಿಯರ ಸೇನೆಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ಕಂಡ ದಾರಿ ಯಾವುದು? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಸಾವಿರಾರು ಸೈನಿಕರ ವಧೆಯನ್ನು ತಪ್ಪಿಸಿ, ಗೆಲುವು ಸೋಲುಗಳನ್ನು ರಕ್ತವಿಲ್ಲದ ಪಂದ್ಯಕ್ಕೆ ಇಳಿಸಿದ ವಿವೇಕವದು. ಸೋತ ಭರತನು ಚಕ್ರವನ್ನು ಪ್ರಯೋಗಿಸಿದಾಗಲೇ ಪಂದ್ಯದ ಮೇರೆ ಮುರಿಯಿತು; ಬಾಹುಬಲಿಗೆ ವೈರಾಗ್ಯ ಮೂಡಿದ್ದೂ ಆಗಲೇ. ಹಕ್ಕಿಯ ಬದಲು ಬಿಲ್ಲೆಯನ್ನು ತಂದವರ ಕಾರ್ಯವನ್ನು ಈ ಬೆಳಕಿನಲ್ಲಿ ನೋಡಿದರೆ ಹುಡುಗನ ಪ್ರಶ್ನೆಗೆ 'ತಪ್ಪೇನೂ ಇಲ್ಲ' ಎಂದೇ ಉತ್ತರಿಸಬೇಕೆನಿಸುತ್ತದೆ.

ಆದರೆ ಅಲ್ಲಿಯೇ ಜನ್ನನ 'ಯಶೋಧರ ಚರಿತೆ' ಅಡ್ಡ ನಿಲ್ಲುತ್ತದೆ. ಜೀವಂತ ಕೋಳಿಯನ್ನು ಬಲಿಕೊಡಲೊಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಅಲ್ಲಿಯೂ ಪ್ರಾಣಿ ಸಾಯಲಿಲ್ಲ. ಆದರೂ ತಾಯಿ ಮಗ ಇಬ್ಬರೂ ಜನ್ಮ ಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ, ಒಬ್ಬರನ್ನೊಬ್ಬರು ನೋಯಿಸಿ, ಇತರರಿಂದ ಕೊಲ್ಲಲ್ಪಟ್ಟರು. ಕೊನೆಗೆ ಕೋಳಿಗಳಾಗಿದ್ದಾಗ ಅವರನ್ನು ಕೊಂದವನು ಯಾರು? ಯಶೋಧರನ ಮಗನೇ ಆದ ಯಶೋಮತಿ. ಅದೂ ಹಗೆಯಿಂದಲ್ಲ, ಹಸಿವಿನಿಂದಲೂ ಅಲ್ಲ. ಕೂಗು ಕೇಳಿದತ್ತ ಬಾಣ ಬಿಡುವ ತನ್ನ ಶಬ್ದವೇಧಿ ವಿದ್ಯೆಯನ್ನು ರಾಣಿಗೆ ತೋರಿಸಲೆಂದು. ಈ ಕಥೆಯನ್ನು ನಾವು ಸಂಕಲ್ಪಹಿಂಸೆಗೆ ಉದಾಹರಣೆಯಾಗಿ ಶಿಬಿರ ಶಿಬಿರಗಳಲ್ಲಿ ಹೇಳುತ್ತೇವೆ. ಅದರ ಕೊನೆಯಲ್ಲಿ ಬರುವ ಈ ಗುರಿಕಾರನನ್ನು ಮಾತ್ರ ಅಷ್ಟಾಗಿ ಗಮನಿಸುವುದಿಲ್ಲ. ತಂದೆ ಹಿಟ್ಟನ್ನು ಕೋಳಿಯೆಂದು ಭಾವಿಸಿ ಕಡಿದನು. ಮಗ ಕೋಳಿಯನ್ನು ಬರಿಯ ಗುರಿಯೆಂದು ಭಾವಿಸಿ ಹೊಡೆದನು. ಒಬ್ಬನ ಭಾವದಲ್ಲಿ ಜಡವು ಜೀವವಾಯಿತು. ಇನ್ನೊಬ್ಬನ ಭಾವದಲ್ಲಿ ಜೀವವು ಜಡವಾಯಿತು. ಎರಡು ದೋಷಗಳೂ ನಮ್ಮ ಪ್ರಶ್ನೆಗೆ ಸಂಬಂಧಿಸಿವೆ.

ಹಾಗೆಂದು ಬಿಲ್ಲೆ ಒಡೆಯುವ ಪ್ರತಿಯೊಂದು ಮಗುವೂ ಯಶೋಧರನೆಂದು ತೀರ್ಪು ಕೊಡುವುದು ಅನ್ಯಾಯ. ಯಶೋಧರನ ಸಂಕಲ್ಪ ಬಲಿಯದಾಗಿತ್ತು. ಹುಡುಗನ ಸಂಕಲ್ಪ ಬಿಲ್ಲೆಯನ್ನು ಮುಟ್ಟುವುದಷ್ಟೇ. ನನ್ನ ಆಕ್ಷೇಪವಿರುವುದು ಹೊಸಬರನ್ನು ಈ ಆಟಕ್ಕೆ ಬರಮಾಡಿಕೊಳ್ಳುವ ರೀತಿಯ ಬಗ್ಗೆ. ಆ ರೀತಿಯೇ ಒಂದು ಭಾವದಿಂದ ಇನ್ನೊಂದಕ್ಕೆ ಸೇತುವೆ ಕಟ್ಟುತ್ತದೆ.

ಮೊದಲ ಪಾಠದ ಅರ್ಧಭಾಗ ನಿಜಕ್ಕೂ ಮೆಚ್ಚತಕ್ಕದ್ದು. ಕೋವಿಯಲ್ಲಿ ತೋಟಾ ಇಲ್ಲವೆಂದು ಗೊತ್ತಿದ್ದರೂ ಇದೆಯೆಂದೇ ತಿಳಿದು ನಡೆಯಬೇಕು. ನಳಿಗೆಯ ಬಾಯಿ ಯಾರ ಕಡೆಗೂ ತಿರುಗಕೂಡದು. ಹೊಡೆಯುವ ಕ್ಷಣದವರೆಗೆ ಬೆರಳು ಕುದುರೆಯ ಮೇಲೆ ಇರಕೂಡದು. ಕೆಳಗಿಡುವಾಗ ನಳಿಗೆಯನ್ನು ಮಡಿಸಿ, ಬರಿದಾಗಿದೆಯೆಂದು ಕಣ್ಣಿಗೆ ಕಾಣುವಂತೆ ಇಡಬೇಕು. ಇದನ್ನು ಕೇಳಿದ ಶ್ರಾವಕನಿಗೆ ಮುನಿಗಳ ಆದಾನನಿಕ್ಷೇಪಣ ಸಮಿತಿ ನೆನಪಾಗದೆ ಇರದು. ವಸ್ತುವನ್ನು ಎತ್ತುವಾಗ ಇಡುವಾಗ ಇರಬೇಕಾದ ಎಚ್ಚರವನ್ನು ನಮ್ಮ ಮಕ್ಕಳಿಗೆ ನಾವು ಇಷ್ಟು ಕಟ್ಟುನಿಟ್ಟಾಗಿ ಕಲಿಸುತ್ತಿದ್ದೇವೆಯೆ?

ಕೈಗೆ ಕಲಿಸಿದ ಈ ಸಮಿತಿ ನಾಲಿಗೆಗೆ ಬರುವಾಗ ಕೈಬಿಟ್ಟುಹೋಗುತ್ತದೆ. ಆಟದ ಆಡುಮಾತಿನಲ್ಲಿ ಬಿಲ್ಲೆಯೆಂದರೆ 'ಹಕ್ಕಿ', 'ಪಾರಿವಾಳ'. ಒಡೆದರೆ 'ಸತ್ತಿತು', 'ಕೊಂದೆ', ತಪ್ಪಿದರೆ 'ಕಳೆಯಿತು'. ಹಿಂದಿನ ಗಾಜಿನ ಚೆಂಡುಗಳಲ್ಲಿ ಕೆಲವಕ್ಕೆ ಪುಕ್ಕಗಳನ್ನು ತುಂಬುತ್ತಿದ್ದರು, ಒಡೆದಾಗ ಹಕ್ಕಿಯ ಗರಿ ಚೆದುರಿದಂತೆ ಕಾಣಲೆಂದು. ಪುಕ್ಕ ಹೋಯಿತು, ಮಾತು ಉಳಿಯಿತು. ಹೊಸಬರಿಗೆ ಉತ್ಸಾಹ ಬರಲೆಂದು ಮೊದಲು ನಿಧಾನವಾಗಿ ನೇರ ದೂರ ಸರಿಯುವ ಬಿಲ್ಲೆಯನ್ನು ಬಿಡುತ್ತಾರೆ. ಮಗುವಿನ ತೋಳಿಗೆ ಒಗ್ಗುವ ಹಗುರ ಕೋವಿ, ಕಡಿಮೆ ಮದ್ದಿನ ತೋಟಾ. ಬಿಲ್ಲೆ ಪುಡಿಯಾಗುತ್ತದೆ, ಸುತ್ತಲಿನವರು ಚಪ್ಪಾಳೆ ತಟ್ಟುತ್ತಾರೆ, 'ಹಕ್ಕಿ ಸತ್ತಿತು' ಎನ್ನುತ್ತಾರೆ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಜಯದ ಸಂತೋಷವೂ ಆ ಮಾತೂ ಒಂದೇ ಉಸಿರಿನಲ್ಲಿ ಒಳಗೆ ಇಳಿಯುತ್ತವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸುವಾಗ ಹಿಂಸಾದಾನದ ಜೊತೆಗೆ ಅಪಧ್ಯಾನವನ್ನೂ ಹೇಳಿದ್ದಾರೆ. ಹಿಂಸೆಯ ಉಪಕರಣವನ್ನು ನಿಷ್ಕಾರಣವಾಗಿ ಇನ್ನೊಬ್ಬರ ಕೈಗೆ ಕೊಡುವುದು ಒಂದು. ವಧೆ ಬಂಧನಗಳನ್ನು ಮನಸ್ಸಿನಲ್ಲಿ ಚಿಂತಿಸುವುದು ಇನ್ನೊಂದು. ಮಗುವಿನ ಮೊದಲ ಪಾಠದಲ್ಲಿ ಇವೆರಡೂ ಕೈಕೈ ಹಿಡಿದು ಬರುವ ಅಪಾಯವಿದೆ.

ಇದು ಬರಿಯ ಶಬ್ದಗಳ ತಕರಾರೆಂದು ಕೆಲವರು ಹೇಳಬಹುದು. ಸ್ಕೀಟ್ ಆಟ 1920ರ ಸುಮಾರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ್ದೇ ಹಕ್ಕಿಬೇಟೆಗಾರರ ಅಭ್ಯಾಸಕ್ಕೆಂದು. ನಮ್ಮ ಹುಡುಗ ಬಯಸಿದ ಸ್ಕೌಟ್ ಬ್ಯಾಜನ್ನೇ ನೋಡಿ. ಅದರ ಒಂದು ಕ್ರಮದಲ್ಲಿ 25 ಬಿಲ್ಲೆಗಳ ಎರಡು ಸುತ್ತುಗಳಲ್ಲಿ, ಸುತ್ತಿಗೆ ಕನಿಷ್ಠ 12ನ್ನು ಒಡೆಯಬೇಕು. ಅದರೊಂದಿಗೆ ಬೇಟೆಯ ಕಾನೂನುಗಳನ್ನೂ ಕಲಿತು ಒಪ್ಪಿಸಬೇಕು. ಬಿಲ್ಲೆಯ ಹಿಂದೆ ಹಕ್ಕಿ ಇನ್ನೂ ಹಾರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು 'ಪ್ರಾಣಿ ಯಾವುದೂ ಸಾಯುವುದಿಲ್ಲ' ಎಂಬ ಮಾತು. ಇದು ಪೂರ್ಣ ಸತ್ಯವಲ್ಲ. ಒಲಿಂಪಿಕ್ ನಿಯಮದ ತೋಟಾದಲ್ಲಿ 24 ಗ್ರಾಂವರೆಗೆ ಗುಂಡುಗಳಿರುತ್ತವೆ. ಅವು ರಾಗಿಗಿಂತ ತುಸು ದಪ್ಪನೆಯ, ಸಾಮಾನ್ಯವಾಗಿ ಸೀಸದ ಕಾಳುಗಳು. ಒಂದು ತೋಟಾದಲ್ಲಿ ಸುಮಾರು ಮುನ್ನೂರು. 25 ಬಿಲ್ಲೆಗಳ ಒಂದು ಸುತ್ತಿಗೆ ಒಂದೊಂದೇ ಹೊಡೆತವೆಂದರೂ 600 ಗ್ರಾಂ ಸೀಸ ನೆಲದ ಮೇಲೆ ಚೆಲ್ಲುತ್ತದೆ. ಹಲ್ಲಿಲ್ಲದ ಹಕ್ಕಿಗಳು ಧಾನ್ಯವನ್ನು ಅರೆಯಲೆಂದು ಸಣ್ಣ ಹರಳುಗಳನ್ನು ನುಂಗುತ್ತವೆ. ಸೀಸದ ಕಾಳನ್ನೂ ಹರಳೆಂದೇ ನುಂಗುತ್ತವೆ. ಹೊಟ್ಟೆಯಲ್ಲಿ ಸೀಸ ಕರಗಿ, ನರಗಳು ಸೋತು, ಹಾರಲಾರದೆ ನವೆದು ಸಾಯುತ್ತವೆ. ಈ ಕಾರಣದಿಂದಲೇ ಅಮೆರಿಕ 1991ರಿಂದ ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಗುಂಡನ್ನು ನಿಷೇಧಿಸಿತು. ಯುರೋಪಿನ ಒಕ್ಕೂಟ 2023ರಿಂದ ಜೌಗುನೆಲಗಳಲ್ಲಿ ಅದನ್ನು ತಡೆಯಿತು. ಮಣ್ಣಿನ ಪಾರಿವಾಳಕ್ಕೆ ಇಟ್ಟ ಗುರಿ ತಪ್ಪಿದರೂ ಮುಟ್ಟಿದರೂ ಚೆಲ್ಲಿದ ಸೀಸ ಮುಂದೊಂದು ದಿನ ನಿಜವಾದ ಪಾರಿವಾಳವನ್ನು ತಲುಪಬಲ್ಲುದು. ಕೊಲ್ಲುವ ಇಚ್ಛೆ ಇಲ್ಲಿಲ್ಲ, ಪ್ರಮಾದವಿದೆ. ಪ್ರಮಾದದ ಯೋಗದಿಂದಾಗುವ ಪ್ರಾಣಹಾನಿಯನ್ನು ನಮ್ಮ ಶಾಸ್ತ್ರ ಹಿಂಸೆಯೆಂದೇ ಕರೆಯುತ್ತದೆ. ಉಕ್ಕಿನ ಗುಂಡುಗಳು ದೊರೆಯುತ್ತಿರುವಾಗ ಸೀಸವನ್ನೇ ಬಳಸುವುದಕ್ಕೆ ಅಜ್ಞಾನದ ನೆವವೂ ಉಳಿಯದು.

ದೆಹಲಿಯಲ್ಲಿ ಕೆಂಪುಕೋಟೆಯ ಎದುರು ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಹಕ್ಕಿಗಳ ಧರ್ಮಾಸ್ಪತ್ರೆಯಿದೆ. ಅಲ್ಲಿಗೆ ಬರುವ ರೋಗಿಗಳಲ್ಲಿ ಪಾರಿವಾಳಗಳೇ ಹೆಚ್ಚು. ಅದೇ ನಗರದ ತುಘಲಕಾಬಾದಿನಲ್ಲಿ ಕರ್ಣಿ ಸಿಂಗ್ ಹೆಸರಿನ ಗುರಿಮೈದಾನವಿದೆ. ಒಂದೇ ಊರಿನ ಈ ಎರಡು ಸ್ಥಳಗಳನ್ನು ಎದುರುಬದುರಿಟ್ಟು ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವುದು ಸುಲಭ. ರೆಕ್ಕೆ ಮುರಿದ ಪಾರಿವಾಳವನ್ನು ಒಮ್ಮೆ ಅಂಗೈಯಲ್ಲಿ ಹಿಡಿದ ಮಗುವಿಗೆ ಬಿಲ್ಲೆಯನ್ನು ಪಾರಿವಾಳವೆಂದು ಕರೆಯಲು ನಾಲಿಗೆ ಬರುವುದೆ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ. ಆ ಸ್ಪರ್ಶವನ್ನು ಒದಗಿಸುವುದು ಹಿರಿಯರ ಹೊಣೆ.

ಹಿರಿಯರ ಮಾತು ಬಂದುದರಿಂದ ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳಬೇಕು. ರೇಷ್ಮೆ ಉಟ್ಟು, ಚರ್ಮದ ಪಾದರಕ್ಷೆ ಮೆಟ್ಟಿ, ಮನೆಯ ಮಕ್ಕಳಿಗೆ ಶತ್ರುಗಳನ್ನು ಸಾಲುಸಾಲಾಗಿ ಕೊಲ್ಲುವ ಯಂತ್ರದಾಟಗಳನ್ನು ನಾವೇ ಕೊಂಡುಕೊಟ್ಟು, ಬಿಲ್ಲೆ ಒಡೆಯಹೊರಟ ಹುಡುಗನೊಬ್ಬನನ್ನು ಮಾತ್ರ ಗದರಿಸಿದರೆ ಅವನು ಕಲಿಯುವುದು ಅಹಿಂಸೆಯನ್ನಲ್ಲ, ನಮ್ಮ ದ್ವಂದ್ವವನ್ನು.

ಆದುದರಿಂದ ನನ್ನ ಅಭಿಪ್ರಾಯವನ್ನು ಹೀಗೆ ಹೇಳುತ್ತೇನೆ. ಎಳೆಯ ಮಕ್ಕಳಿಗೆ ಈ ಆಟವನ್ನು ನಾವಾಗಿ ಹುಡುಕಿ ಪರಿಚಯಿಸುವುದು ಬೇಡ. ಏಕಾಗ್ರತೆಗೂ ಕೈಯ ಹಿಡಿತಕ್ಕೂ ಬೇರೆ ಸಾಧನೆಗಳು ಬೇಕಾದಷ್ಟಿವೆ. ಬಸದಿಗಳ ಆಡಳಿತ ಮಂಡಳಿಗಳು, ಸಂಸ್ಕಾರ ಶಿಬಿರಗಳನ್ನು ನಡೆಸುವ ಟ್ರಸ್ಟುಗಳು ಧರ್ಮದ ಹಣದಿಂದ ಇಂತಹ ತರಬೇತಿಗೆ ನೆರವು ಕೊಡುವುದು ಹಿಂಸಾದಾನಕ್ಕೆ ತೀರ ಸಮೀಪದ ಕಾರ್ಯ. ಆದರೆ ಬುದ್ಧಿ ಬಲಿತ ತರುಣನೋ ತರುಣಿಯೋ ಇದನ್ನು ಕ್ರೀಡೆಯೆಂದು ತಾನೇ ಆಯ್ದುಕೊಂಡರೆ ಸಮಾಜದಿಂದ ಹೊರಗಿನವರಂತೆ ಕಾಣಬೇಕಾಗಿಲ್ಲ. ಬೇಟೆಗೆ ಎಂದಿಗೂ ಹೋಗೆನೆಂಬ ನಿಯಮ, ಸೀಸವಿಲ್ಲದ ಗುಂಡು, ಬಿಲ್ಲೆಯನ್ನು ಬಿಲ್ಲೆಯೆಂದೇ ಕರೆಯುವ ಭಾಷಾಸಮಿತಿ, ಈ ಮೂರನ್ನು ಅವರಿಂದ ಅಪೇಕ್ಷಿಸೋಣ. ಅವನ್ನು ಪಾಲಿಸುವ ಕ್ರೀಡಾಪಟು ಆ ಮೈದಾನಕ್ಕೂ ಒಂದು ಪಾಠ ಹೇಳಿಯಾನು.

ಎರಡು ವಾರಗಳ ಬಳಿಕ ಹುಡುಗನಿಗೆ ದೂರವಾಣಿ ಮಾಡಿದೆ. ಬೇಡವೆಂದು ಆಜ್ಞೆ ಮಾಡಲಿಲ್ಲ. ಹಿಟ್ಟಿನ ಕೋಳಿಯ ಕಥೆಯನ್ನೂ ಶಬ್ದವೇಧಿಯ ಕಥೆಯನ್ನೂ ಹೇಳಿದೆ, ಸೀಸದ ಲೆಕ್ಕವನ್ನೂ ಕೊಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಂಡು ಸೀಸದ್ದೋ ಉಕ್ಕಿನದೋ ಎಂದು ಅಲ್ಲಿ ಕೇಳುತ್ತೇನೆ ಅಜ್ಜಾ, ಆಮೇಲೆ ಯೋಚಿಸುತ್ತೇನೆ" ಎಂದನು. ಅವನ ನಿರ್ಧಾರ ಏನಾಗುವುದೋ ಅವನಿಗೆ ಬಿಟ್ಟದ್ದು. ಕೈಗೆ ಉಪಕರಣ ಬರುವ ಮೊದಲು ಪ್ರಶ್ನೆ ಬಂದಿತಲ್ಲ, ಅಷ್ಟರಮಟ್ಟಿಗೆ ಅಣುವ್ರತದ ಬೀಜ ನೆಲ ಕಂಡಿದೆಯೆಂದು ನಾನು ನಂಬುತ್ತೇನೆ.