ಅಂಕಣವೂ ಚದರಡಿಯೂ: ನಗರವಸತಿಯ ವಿನ್ಯಾಸವನ್ನು ಕುರಿತು ಒಂದು ವಿಮರ್ಶೆ

ಮನೆಯನ್ನು ಅಳೆಯುವ ಮಾನವು ಮನೆಯ ರೂಪವನ್ನು ಎಷ್ಟರಮಟ್ಟಿಗೆ ನಿರ್ಣಯಿಸುತ್ತದೆ ಎಂಬ ಪ್ರಶ್ನೆಗೆ ನಮ್ಮ ವಾಸ್ತುವಿಮರ್ಶೆಯಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲ. ದೇವಾಲಯಗಳ ಶಿಖರ, ಅಧಿಷ್ಠಾನ, ನವರಂಗಗಳನ್ನು ಕುರಿತು ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಜನರು ಹುಟ್ಟಿ, ಉಂಡು, ಮಲಗಿ, ಬಾಳನ್ನು ಮುಗಿಸುವ ಮನೆಯನ್ನು ಕುರಿತ ಬರಹ ಅದಕ್ಕೆ ಹೋಲಿಸಿದರೆ ಅಲ್ಪ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳೆಯ ಮನೆಯನ್ನು ಇಂದಿನ ನಗರದ ಅಪಾರ್ಟ್‌ಮೆಂಟಿನ ಪಕ್ಕದಲ್ಲಿಟ್ಟು, ಎರಡರ ಗುಣದೋಷಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಭೂಗುಣವನ್ನು ಗಮನಿಸಬೇಕು. ಕಿತ್ತೂರಿನ ಪಶ್ಚಿಮಕ್ಕೆ ಮಲೆನಾಡಿನ ಸೆರಗು. ಅಲ್ಲಿ ಮಳೆ ಹೆಚ್ಚು, ಇಳಿಜಾರಾದ ಹಂಚಿನ ಮಾಡು ಸಹಜ. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗಿ ಎರೆಭೂಮಿ ಹರಹುಗೊಳ್ಳುತ್ತದೆ. ಸವದತ್ತಿ, ರಾಮದುರ್ಗಗಳ ಕಡೆ ಕಲ್ಲುಮಣ್ಣಿನ ದಪ್ಪ ಗೋಡೆ, ಮರದ ಕಂಬ ತೊಲೆಗಳ ಮೇಲೆ ಜಂತಿ ಹೊದಿಸಿ ಮಣ್ಣು ಹಾಕಿದ ಮಟ್ಟಸವಾದ ಮಾಳಿಗೆ, ಅದರಲ್ಲಿ ಒಂದೆರಡು ಬೆಳಕಿಂಡಿ, ಇವು ಮನೆಯ ಮುಖ್ಯ ಲಕ್ಷಣಗಳು. ಬೀದಿಗೆ ತಗುಲಿ ಕಟ್ಟೆ; ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನ ಕಟ್ಟುವ ಸ್ಥಳ ಮತ್ತು ಗೋದಲಿ; ಅಲ್ಲಿಂದ ಎತ್ತರಕ್ಕೆ ಏರಿದರೆ ಪಡಸಾಲೆ; ಒಳಗೆ ಅಡಿಗೆಮನೆ, ದೇವರಕೋಣೆ, ಬಚ್ಚಲು; ಹಿಂದೆ ಹಿತ್ತಲು. ಜೋಳವನ್ನು ಕಾಪಿಡುವುದಕ್ಕೆ ನೆಲದೊಳಗಿನ ಹಗೇವು.

ಇಂಥ ಮನೆಯ ಅಳತೆಯನ್ನು ಜನರು ಅಂಕಣಗಳಲ್ಲಿ ಹೇಳುತ್ತಿದ್ದರು. ಈ ಭಾಗದಲ್ಲಿ ಖಣ ಎಂಬ ಮಾತೂ ಉಂಟು. ಎರಡು ಕಂಬಗಳ, ಎರಡು ತೊಲೆಗಳ ನಡುವಣ ಅವಕಾಶವೇ ಅಂಕಣ. ಅದರ ಪ್ರಮಾಣ ಮರದ ಉದ್ದವನ್ನೂ ಬಡಗಿಯ ಲೆಕ್ಕವನ್ನೂ ಅವಲಂಬಿಸಿರುತ್ತದೆ. ಆದರೆ ಮುಖ್ಯವಾದ ಅಂಶ ಬೇರೆ. ಅಂಕಣಕ್ಕೆ ನಿಯತವಾದ ಉಪಯೋಗವಿಲ್ಲ. ಸುಗ್ಗಿಯಲ್ಲಿ ಚೀಲಗಳನ್ನು ಒಟ್ಟಿದ ಅಂಕಣದಲ್ಲಿಯೇ ಬೇಸಗೆಯಲ್ಲಿ ಮಕ್ಕಳು ಮಲಗುತ್ತಾರೆ. ಮದುವೆಯಲ್ಲಿ ಅಲ್ಲಿಯೇ ಪಂಕ್ತಿ ಕೂಡುತ್ತದೆ. ರಾಮದುರ್ಗ, ಸುರೇಬಾನಗಳ ನೇಕಾರನು ಅಂಥದೊಂದು ಅಂಕಣದ ನೆಲವನ್ನು ಅಗೆದು ಕುಣಿಮಗ್ಗವನ್ನು ಹೂಡಿದರೆ ಮನೆಯೇ ಕಾರ್ಖಾನೆಯಾಗುತ್ತದೆ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಬೈಲಹೊಂಗಲದಂಥ ಪೇಟೆಯಲ್ಲಿ ಬೀದಿಬದಿಯ ಅಂಕಣ ಅಂಗಡಿಯಾಗಲು ಅಡ್ಡಿಯಿಲ್ಲ.

ಈಗ ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳಲ್ಲಿ ಏಳುತ್ತಿರುವ ಬಹುಮಹಡಿ ವಸತಿಗಳನ್ನು ನೋಡೋಣ. ಇಲ್ಲಿ ಮನೆಯ ಮಾನ ಚದರಡಿ. ಮನೆಯ ಹೆಸರು ಮಲಗುವ ಕೋಣೆಗಳ ಸಂಖ್ಯೆ. ಪ್ರತಿಯೊಂದು ಕೋಣೆಗೂ ನಕಾಶೆಯಲ್ಲಿಯೇ ಒಂದು ಕಾರ್ಯ ಗೊತ್ತಾಗಿದೆ. ಮಂಚದ ಸ್ಥಳವನ್ನು ಕೂಡ ವಿದ್ಯುತ್ ಗುಂಡಿಗಳು ಮುಂಚಿತವಾಗಿ ನಿರ್ಧರಿಸಿರುತ್ತವೆ. ೨೦೧೬ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆಯು ಕೊಳ್ಳುವವನಿಗೆ ಮೋಸವಾಗದಂತೆ ಕಾರ್ಪೆಟ್ ವಿಸ್ತೀರ್ಣವನ್ನು ಸ್ಪಷ್ಟವಾಗಿ ನಿರೂಪಿಸಿತು. ಒಳಗಿನ ಅಡ್ಡಗೋಡೆಗಳು ಅದರಲ್ಲಿ ಸೇರುತ್ತವೆ. ಹೊರಗೋಡೆ, ಬಾಲ್ಕನಿ, ಜಗಲಿ, ತೆರೆದ ತಾರಸಿ ಸೇರುವುದಿಲ್ಲ. ವ್ಯವಹಾರದ ದೃಷ್ಟಿಯಿಂದ ಇದು ನ್ಯಾಯವಾದ ಕ್ರಮ. ಆದರೆ ಅಳತೆಯ ಹೊರಗೆ ಉಳಿದದ್ದು ಯೋಚನೆಯ ಹೊರಗೂ ಉಳಿಯುವ ಅಪಾಯವಿದೆ. ೧೯೭೨ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯ ಪ್ರಕಾರ ಮೆಟ್ಟಿಲು, ಮೊಗಸಾಲೆ, ಮಾಳಿಗೆಗಳು ಎಲ್ಲ ನಿವಾಸಿಗಳ ಅವಿಭಕ್ತ ಸ್ವತ್ತು. ಕಾನೂನಿನಲ್ಲಿ ಸರ್ವರಿಗೂ ಸೇರಿದ ಈ ಸ್ಥಳಗಳು ವಿನ್ಯಾಸದಲ್ಲಿ ಯಾರಿಗೂ ಸೇರದವಾಗಿ, ಕೇವಲ ಹಾದುಹೋಗುವ ದಾರಿಯಷ್ಟೇ ಅಗಲವನ್ನು ಪಡೆಯುತ್ತವೆ. ಕುಳಿತು ಮಾತನಾಡುವುದಕ್ಕೆ ಒಂದು ಮೊಳದಷ್ಟು ಕಟ್ಟೆ ಕೂಡ ಅಲ್ಲಿ ಅಪರೂಪ.

ಹಳೆಯ ಮನೆಗೂ ಹೊಸ ಮನೆಗೂ ಇರುವ ನಿಜವಾದ ಅಂತರ ಇಲ್ಲಿದೆ. ಮಣ್ಣು ಹೋಗಿ ಕಾಂಕ್ರೀಟು ಬಂದುದಾಗಲಿ, ಒಂದು ಅಂತಸ್ತಿನ ಬದಲು ಹತ್ತು ಅಂತಸ್ತು ಎದ್ದುದಾಗಲಿ ಮುಖ್ಯವಲ್ಲ. ಒಳಗೂ ಅಲ್ಲದ, ಹೊರಗೂ ಅಲ್ಲದ ಕಟ್ಟೆ, ಪಡಸಾಲೆ, ಮಾಳಿಗೆಗಳು ಮನೆಯ ಅಂಗಗಳಾಗಿದ್ದುದು ಹೋಗಿ ಉಳಿಕೆಯ ಸ್ಥಳಗಳಾಗಿರುವುದೇ ಮುಖ್ಯವಾದ ಮಾರ್ಪಾಡು.

ಆದರೆ ಹಳೆಯದನ್ನೆಲ್ಲ ಹೊಗಳುವ ವಿಮರ್ಶೆಯೂ ಕುರುಡಾದೀತು. ಬೆಳಕಿಂಡಿಯೊಂದರಿಂದ ಬೆಳಕು ಬೀಳುತ್ತಿದ್ದ ಅಡಿಗೆಮನೆಯಲ್ಲಿ ಹೊಗೆಯನ್ನು ಕುಡಿದವಳು ಮನೆಯ ಹೆಂಗಸು. ಪಡಸಾಲೆಯ ಗಾಳಿ ಗಂಡಸರ ಪಾಲು. ಕಟ್ಟೆಯನ್ನು ಸ್ನೇಹದ ಸ್ಥಾನವೆಂದು ವರ್ಣಿಸುವವರು, ಯಾವ ಜಾತಿಯವನು ಅದರ ಮೇಲೆ ಕೂಡಬಹುದಿತ್ತು, ಯಾರು ಕೆಳಗೆ ಬೀದಿಯಲ್ಲಿಯೇ ನಿಲ್ಲಬೇಕಾಗಿತ್ತು ಎಂಬುದನ್ನೂ ಹೇಳಬೇಕು. ೧೮೨೪ರ ಸಮರದ ಅನಂತರ ಹಾಳಾದ ಕಿತ್ತೂರಿನ ಅರಮನೆಯ ಅವಶೇಷಗಳಲ್ಲಿ ಸ್ನಾನಗೃಹವನ್ನೂ ನೀರು ಹರಿಸುವ ಏರ್ಪಾಡನ್ನೂ ಇಂದಿಗೂ ನೋಡಬಹುದು. ಅರಮನೆಗೆ ದೊರೆತ ಆ ಸೌಕರ್ಯ ಒಕ್ಕಲಿಗನ ಮನೆಗೆ ದೊರೆಯಲಿಲ್ಲ. ಅಲ್ಲಿ ಕೊಡ ಹೊತ್ತವಳು ಮತ್ತೆ ಹೆಂಗಸೇ. ನಲ್ಲಿಯನ್ನೂ ಶೌಚಗೃಹವನ್ನೂ ಮನೆಯೊಳಗೆ ತಂದ ಅಪಾರ್ಟ್‌ಮೆಂಟು, ಎಲ್ಲರೂ ಏರುವ ಒಂದೇ ಮೆಟ್ಟಿಲನ್ನು ಇಟ್ಟ ಅಪಾರ್ಟ್‌ಮೆಂಟು, ಈ ಮಟ್ಟಿಗೆ ಮುನ್ನಡೆಯೇ ಸರಿ.

ಮಣ್ಣಿನ ಗೋಡೆಯ ದೌರ್ಬಲ್ಯವನ್ನೂ ಮರೆಯುವಂತಿಲ್ಲ. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆಯ ಪ್ರವಾಹ ರಾಮದುರ್ಗದ ಸೀಮೆಗೆ ನುಗ್ಗಿದಾಗ ನೀರಿನಲ್ಲಿ ನೆನೆದ ಮಣ್ಣಿನ ಮನೆಗಳು ಕುಸಿದುಬಿದ್ದವು. ಪೂರ್ಣವಾಗಿ ಬಿದ್ದ ಮನೆಗೆ ೫ ಲಕ್ಷ ರೂಪಾಯಿಗಳ ನೆರವನ್ನು ರಾಜ್ಯ ಸರಕಾರ ಆಗ ಘೋಷಿಸಿತು. ಇಂಥ ಮೊತ್ತದಲ್ಲಿ ಮನೆಯನ್ನು ಮತ್ತೆ ಕಟ್ಟುವವನ ಮುಂದೆ ಸಾಮಾನ್ಯವಾಗಿ ಇರುವ ಮಾದರಿ ಒಂದೇ: ನಗರದ ನಕಾಶೆಯನ್ನು ಕುಗ್ಗಿಸಿದ ಕಾಂಕ್ರೀಟಿನ ಪೆಟ್ಟಿಗೆ. ಅಲ್ಲಿ ದನಕ್ಕೂ ಮಗ್ಗಕ್ಕೂ ಜೋಳಕ್ಕೂ ಸ್ಥಳವಿಲ್ಲ. ತೆಳುವಾದ ಚಪ್ಪಡಿ ಏಪ್ರಿಲ್ ತಿಂಗಳ ಬಿಸಿಲನ್ನು ಹಗಲೆಲ್ಲ ಹೀರಿ ರಾತ್ರಿ ಒಳಗೆ ಬಿಡುತ್ತದೆ. ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವ ಎರೆಮಣ್ಣಿನ ಮೇಲೆ ಆಳವಿಲ್ಲದ ಪಾಯ ನಿಲ್ಲುವುದಿಲ್ಲ. ಆದುದರಿಂದ ಅಪಾರ್ಟ್‌ಮೆಂಟಿನ ವಿಮರ್ಶೆ ನಗರದವರ ಅಭಿರುಚಿಯ ಪ್ರಶ್ನೆಯಷ್ಟೇ ಅಲ್ಲ. ನಗರದಲ್ಲಿ ಆದ ತಪ್ಪು ನಕಲಾಗಿ ಊರಿಗೆ ಬರುತ್ತದೆ. ಅದರ ಬೆಲೆಯನ್ನು ತೆರುವವನು ಬಡವ.

ಬೇರೆ ದಾರಿ ಇಲ್ಲವೆಂದಲ್ಲ. ಚಾರ್ಲ್ಸ್ ಕೊರಿಯಾ ಅವರು ಮುಂಬಯಿಯಲ್ಲಿ ರಚಿಸಿದ, ೧೯೮೩ರಲ್ಲಿ ಪೂರ್ಣಗೊಂಡ ೨೮ ಅಂತಸ್ತಿನ ಕಾಂಚನಜಂಗಾ ಕಟ್ಟಡದಲ್ಲಿ ಪ್ರತಿಯೊಂದು ಮನೆಗೂ ಮೂಲೆಯಲ್ಲಿ ಎತ್ತರವಾದ ತೆರೆದ ಅಂಗಳವೊಂದಿದೆ. ಹಳೆಯ ಬಂಗಲೆಯ ವರಾಂಡವೇ ಅದರ ಮೂಲ. ಅದು ಸಿರಿವಂತರ ವಸತಿ ಎಂದು ಆಕ್ಷೇಪಿಸಬಹುದು. ಆದರೆ ಬಾಲಕೃಷ್ಣ ದೋಶಿಯವರ ಯೋಜನೆಯಂತೆ ಇಂದೂರಿನಲ್ಲಿ ರೂಪುಗೊಂಡ ಅರಣ್ಯ ಬಡಾವಣೆ ಬಡವರಿಗಾಗಿಯೇ ಹುಟ್ಟಿದ್ದು. ಅಲ್ಲಿಯ ಮಾದರಿ ಮನೆಗಳಿಗೆ ಬೀದಿಯ ಕಡೆ ಓಟ್ಲಾ, ಅಂದರೆ ನಮ್ಮ ಕಟ್ಟೆಯೇ, ದೊರೆತಿದೆ. ಮನೆಯನ್ನು ಕಾಲಕ್ರಮದಲ್ಲಿ ಬೆಳೆಸಿಕೊಳ್ಳುವ ಅವಕಾಶವನ್ನು ಒಡೆಯನಿಗೇ ಬಿಡಲಾಗಿದೆ. ಆ ಯೋಜನೆಗೆ ೧೯೯೫ರಲ್ಲಿ ಆಗಾ ಖಾನ್ ಪ್ರಶಸ್ತಿ ಸಂದಿತು. ಸಾಮಗ್ರಿಯ ವಿಷಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮಣ್ಣಿಗೆ ಸ್ವಲ್ಪ ಸಿಮೆಂಟನ್ನು ಬೆರೆಸಿ ಒತ್ತಿ ಮಾಡಿದ, ನೀರಿಗೆ ಕರಗದ ಇಟ್ಟಿಗೆಗಳನ್ನು ಬಳಕೆಗೆ ತಂದಿತು. ಎರೆಮಣ್ಣು ಇದಕ್ಕೆ ಒಗ್ಗುವುದಿಲ್ಲ. ಆದರೆ ಕೆಮ್ಮಣ್ಣು ದೊರೆಯುವೆಡೆಯಲ್ಲಿ ಇದು ಅಸಾಧ್ಯವಲ್ಲ.

ಹೀಗೆ ನೋಡಿದಾಗ ಅಂಕಣದ ಮನೆಯಿಂದ ನಾವು ಕಲಿಯಬೇಕಾದುದು ಅದರ ರೂಪವನ್ನಲ್ಲ. ಅಪಾರ್ಟ್‌ಮೆಂಟಿನ ಮುಂಭಾಗಕ್ಕೆ ಕೆತ್ತನೆಯ ಕಂಬಗಳನ್ನು ಅಂಟಿಸಿದರೆ ಅದು ನಮ್ಮ ಮನೆಯಾಗುವುದಿಲ್ಲ. ಕೋಣೆಯ ಕಾರ್ಯವನ್ನು ವಾಸಿಸುವವರ ವಿವೇಕಕ್ಕೆ ಬಿಡುವುದು, ಒಳಹೊರಗಿನ ನಡುವೆ ಒಂದು ಸ್ಥಳವನ್ನು ಉಳಿಸುವುದು, ಮಾಳಿಗೆಯನ್ನು ಬಾಳಿಗೆ ಸೇರಿಸುವುದು ಕಲಿಯಬೇಕಾದ ಪಾಠಗಳು. ಕಟ್ಟೆಯೂ ಮರಳಿ ಬರಲಿ. ಆದರೆ ಈ ಸಲ ಅದರ ಮೇಲೆ ಕೂಡಲು ಯಾರೂ ಅಪ್ಪಣೆ ಕೇಳಬೇಕಾದ ಪ್ರಸಂಗ ಬರಬಾರದು. ವಿಸ್ತೀರ್ಣವೆಷ್ಟು ಎಂದು ಕೇಳುವುದು ಕೊಳ್ಳುವವನ ಹಕ್ಕು. ವಿಸ್ತೀರ್ಣದ ಲೆಕ್ಕಕ್ಕೆ ಬಾರದೆ ಉಳಿದದ್ದು ಏನು, ಅದನ್ನು ಕಳೆದುಕೊಂಡವರು ಯಾರು ಎಂದು ಕೇಳುವುದು ವಿಮರ್ಶಕನ ಹೊಣೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಮನೆಗಳನ್ನು, ಅವು ಬೀಳುವ ಮುನ್ನ, ಅಂಕಣ ಅಂಕಣವಾಗಿ ಅಳೆದು ಬರೆದಿಟ್ಟರೆ ಆ ವಿಮರ್ಶೆಗೆ ಬೇಕಾದ ಆಧಾರ ಒದಗುತ್ತದೆ.